ಹುಟ್ಟಿದ ದಿನಾಂಕದಿಂದ ಶುರುವಾದ ಫೈಲು

ಹೋದ ತಿಂಗಳು ನಮ್ಮ ಮಗಳ ನಾಲ್ಕನೆಯ ಫಾಲೋಅಪ್, ಅಂದರೆ ಅವಳು ನಮ್ಮ ಜೊತೆ ಹೇಗಿದ್ದಾಳೆ ಅಂತ ಬಂದು ನೋಡುವ ಭೇಟಿ, ಮುಗಿಯಿತು. ದತ್ತು ಪ್ರಕ್ರಿಯೆಯಲ್ಲಿ ಸರ್ಕಾರದ ಕಡೆಯಿಂದ ಬಾಕಿ ಇದ್ದ ಕೊನೆಯ ಕೆಲಸ ಅದು. ಈಗ ಪರಿಚಯದವರು, ಪರಿಚಯದವರ ಪರಿಚಯದವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಮೊದಲ ಪ್ರಶ್ನೆ "ಎಷ್ಟು ಖರ್ಚಾಯ್ತು?" ಎರಡನೆಯದು "ಯಾರನ್ನ ಹಿಡಿದ್ರಿ?" ಯಾರನ್ನೂ ಹಿಡಿಯಲಿಲ್ಲ. ಎಲ್ಲರಿಗೂ ಒಂದೊಂದು ಗಂಟೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನನ್ನ ಹುಟ್ಟಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ದತ್ತಿನ ಫೈಲು ಕೇಳುವುದೂ ಅಲ್ಲಿಂದಲೇ.

ನಾನು ಹುಟ್ಟಿದ್ದು 1986ರಲ್ಲಿ, ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮನೆಯಲ್ಲೇ. ಸೂಲಗಿತ್ತಿ ಹೆರಿಗೆ ಮಾಡಿಸಿದ್ದು. ದಿನಾಂಕ ಯಾರೂ ಬರೆದಿಡಲಿಲ್ಲ. "ಅಟ್ಟದಿಂದ ಕಾಯಿ ಇಳಿಸಿದ ವಾರ ಹುಟ್ಟಿದೋಳು ನೀನು" ಅನ್ನುತ್ತಿದ್ದರು ಅಜ್ಜಿ. ನಮ್ಮ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ, ಒಳಗೆ ಕೊಬ್ಬರಿ ಒಣಗಿ ಲೊಟಲೊಟ ಅಲ್ಲಾಡುವ ತನಕ. ಆ ಲೆಕ್ಕ ಶಾಲೆಗೆ ಬೇಕಾಗುತ್ತಾ? ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ನನ್ನ ಓರಗೆಯ ಅರ್ಧ ಹಳ್ಳಿ ಹುಟ್ಟಿದ್ದು ಜೂನ್ 1ಕ್ಕೆ.

ಮನೆಗೆ ನಾನೇ ದೊಡ್ಡ ಮಗಳು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕುಂಟೆಬಿಲ್ಲೆ ಆಡಿದವಳು. ಮದುವೆ ಆದ ಮೇಲೆ ಮಕ್ಕಳಾಗುವುದು ಮುಂಗಾರು ಬಂದ ಹಾಗೆ, ತಾನಾಗಿ ಆಗುವಂಥದ್ದು ಅಂದುಕೊಂಡಿದ್ದೆ. ನಮ್ಮ ತಾಲ್ಲೂಕಿನಲ್ಲಿ ಮುಂಗಾರೂ ಕೈಕೊಡುತ್ತದೆ ಅನ್ನುವುದು ಬೇರೆ ಮಾತು. ಓದಿದೆ, ಬಿಎಡ್ ಮಾಡಿದೆ, ಖಾಸಗಿ ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. 2011ರಲ್ಲಿ ಮದುವೆ. ಇವರದು ತೆಂಗಿನ ತೋಟ, ಜೊತೆಗೆ ಮೋಟಾರ್ ರೀವೈಂಡಿಂಗ್ ಅಂಗಡಿ. ನನಗಿಂತ ಐದು ವರ್ಷ ದೊಡ್ಡವರು. ಮಾತು ಕಮ್ಮಿ.

ಮದುವೆಯಾಗಿ ವರ್ಷ ತುಂಬುವುದರೊಳಗೆ "ಏನಮ್ಮಾ ವಿಶೇಷ?" ಶುರುವಾಯಿತು. ಎರಡು ವರ್ಷಕ್ಕೆ ಹರಕೆಗಳು. ಮೂರನೆಯ ವರ್ಷಕ್ಕೆ ಡಾಕ್ಟರು. ಆ ಆಸ್ಪತ್ರೆಯ ವರ್ಷಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸ್ಕ್ಯಾನು, ಇಂಜೆಕ್ಷನ್ನು, ಐಯುಐ, ಆಮೇಲೆ ಬೆಂಗಳೂರಿನಲ್ಲಿ ಐವಿಎಫ್. ತೋಟದ ಮೇಲೆ ಸಾಲ. ಬೆಳಗಿನ ಜಾವದ ರೈಲಿಗೆ ಹೋಗಿ, ಆಸ್ಪತ್ರೆ ಕಾರಿಡಾರಿನಲ್ಲಿ ಟೋಕನ್ ಹಿಡಿದು ಕೂತು, ರಾತ್ರಿ ವಾಪಸ್. ಮಾರನೆ ದಿನ ಒಂಬತ್ತನೇ ಕ್ಲಾಸಿಗೆ ಪಾಠ. ಕೊನೆಗೆ ಡಾಕ್ಟರೇ "ಇನ್ನೊಂದು ಸಲ ನೋಡಬಹುದು, ಆದ್ರೆ ನಾನಾಗಿ ಹೇಳಲ್ಲ" ಅಂದರು. ನನಗೆ ಅಳು ಬರಲಿಲ್ಲ, ಹಗುರ ಅನ್ನಿಸಿತು. ಇದನ್ನು ತುಂಬ ಜನ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬರೆದೆ.

ಆಸ್ಪತ್ರೆಗಿಂತ ನೋವಾಗುತ್ತಿದ್ದದ್ದು ಸೀಮಂತಗಳಲ್ಲಿ. ಯಾರೂ ಏನೂ ಅನ್ನುತ್ತಿರಲಿಲ್ಲ. ಸುಮ್ನೆ ಅರಿಶಿನ ಕುಂಕುಮದ ತಟ್ಟೆ ನನ್ನ ಹತ್ತಿರ ಬರುವಷ್ಟರಲ್ಲಿ ಪಕ್ಕದವರ ಕೈಗೆ ಹೋಗಿರುತ್ತಿತ್ತು.

ದತ್ತು ಅಂದಾಗ ಮನೆಯಲ್ಲಿ ಬಂದ ಮೊದಲ ಮಾತು ತಮ್ಮನ ಎರಡನೆಯ ಮಗುವನ್ನೇ ತಗೊಳ್ಳಿ ಅಂತ. ತಮ್ಮನ ಹೆಂಡತಿಯ ಮುಖ ನೋಡಿದೆ. ಬೇಡ ಅಂದೆ. ಆಮೇಲೆ ಒಬ್ಬಾತ ಬಂದ, ಯಾರದೋ ಪರಿಚಯ ಹೇಳಿಕೊಂಡು. "ಹುಟ್ಟಿದ ದಿನವೇ ಕೈಗೆ ಕೊಡಿಸ್ತೀನಿ, ಆಸ್ಪತ್ರೆ ದಾಖಲೆಲಿ ನಿಮ್ಮ ಹೆಸರೇ ಬರ್ಸೋಣ." ಲಕ್ಷಗಳ ಮಾತು. ಇಂಥವರು ಎಲ್ಲ ಊರಲ್ಲೂ ಇದ್ದಾರೆ, ದಯವಿಟ್ಟು ಬಾಗಿಲು ಹಾಕಿ. ಇದು ಮಗು ಮಾರಾಟ. ಬಾಲನ್ಯಾಯ ಕಾಯ್ದೆಯಲ್ಲಿ ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ ಇದೆ. ಅದಕ್ಕಿಂತ ಹೆಚ್ಚಾಗಿ, ಮಗು ಯಾವತ್ತೋ ಒಂದು ದಿನ ಕೈತಪ್ಪಿ ಹೋಗಬಹುದು ಅನ್ನುವ ಭಯದಲ್ಲೇ ಬದುಕಬೇಕು.

ನಾವು ಹಿಡಿದ ಸರಿಯಾದ ದಾರಿ ಇದು. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ ಕರೆಯುವುದು ಕಾರಾ ಅಂತ. ಅದರ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನಾವೇ ನೋಂದಾಯಿಸಿಕೊಳ್ಳಬಹುದು. ಸೈಬರ್ ಸೆಂಟರ್‌ನವರಿಗೆ ಐವತ್ತು ನೂರು ಕೊಟ್ಟರೂ ಮಾಡಿಕೊಡುತ್ತಾರೆ, ಆದರೆ ಯೂಸರ್ ಐಡಿ, ಪಾಸ್‌ವರ್ಡ್ ಮತ್ತು ಮೊಬೈಲ್ ನಂಬರು ನಿಮ್ಮದೇ ಇರಲಿ. ಮುಂದೆ ಮೆಸೇಜ್ ಬರುವುದು ಅದಕ್ಕೇ.

ನಾವು ನೋಂದಾಯಿಸಿದ್ದು 2020ರ ಡಿಸೆಂಬರ್‌ನಲ್ಲಿ. ಗಂಡ ಹೆಂಡತಿ ಆದರೆ ಮದುವೆಯಾಗಿ ಕನಿಷ್ಠ ಎರಡು ವರ್ಷ ಆಗಿರಬೇಕು, ಇಬ್ಬರೂ ಒಪ್ಪಿರಬೇಕು. ಇಬ್ಬರ ವಯಸ್ಸನ್ನೂ ಕೂಡಿಸಿ ನೋಡುತ್ತಾರೆ. ಈಗಿನ ನಿಯಮದಲ್ಲಿ ಎರಡು ವರ್ಷದೊಳಗಿನ ಮಗು ಬೇಕಾದರೆ ಆ ಮೊತ್ತ 85 ದಾಟಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100. ಒಂಟಿ ಹೆಂಗಸೂ ತಗೊಳ್ಳಬಹುದು, ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಮಗುವಿಗೂ ನಮಗೂ ಕನಿಷ್ಠ 25 ವರ್ಷ ಅಂತರ ಇರಬೇಕು. ಜಾತಿ ಆರಿಸುವ ಕಾಲಂ ಇಲ್ಲ, ಇದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿಬಿಡಿ.

ಇನ್ನು ಕಾಗದಪತ್ರ. ನಮ್ಮ ತಲೆ ತಿಂದಿದ್ದು ಇದೇ.

ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಸಾಕು. ಮೇಷ್ಟ್ರ ಜೂನ್ 1 ಇಲ್ಲಿ ಉಪಯೋಗಕ್ಕೆ ಬಂತು. ತೊಂದರೆಯಾಗಿದ್ದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್. ಪ್ಯಾನ್ ಕಾರ್ಡಿನಲ್ಲಿ ಆ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಆಧಾರ್‌ನಲ್ಲಿ ಗಂಡನ ಹೆಸರು. ಒಬ್ಬಳೇ ಹೆಂಗಸು, ಮೂರು ಕಾರ್ಡಿನಲ್ಲಿ ಮೂರು ಜನ. ಮದುವೆಯಾದ ಹೆಣ್ಣುಮಕ್ಕಳಿಗೆಲ್ಲ ಇದು ಗೊತ್ತಿರುವ ಕಥೆಯೇ ಅಲ್ವಾ? ಆಧಾರ್ ತಿದ್ದಿಸಿದೆ, ಉಳಿದದ್ದಕ್ಕೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ನೋಂದಣಿಗೆ ಕೂರುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ನೋಂದಣಿ ಆದ ಮೇಲೆ ದಾಖಲೆ ಅಪ್‌ಲೋಡ್ ಮಾಡಲು 30 ದಿನ ಮಾತ್ರ. ನಿಮ್ಮ ಸರದಿ ಲೆಕ್ಕ ಆಗುವುದು ನೋಂದಣಿ ಮಾಡಿ ದಾಖಲೆ ಹಾಕಿದ ದಿನದಿಂದ, ಹೋಂ ಸ್ಟಡಿ (ಮನೆಗೆ ಬಂದು ನಮ್ಮನ್ನು ಮಾತಾಡಿಸಿ ವರದಿ ಬರೆಯುವುದು) ಆದ ದಿನದಿಂದ ಅಲ್ಲ.

ಮದುವೆಯ ದಾಖಲೆ ಇನ್ನೊಂದು ಕಥೆ. ಛತ್ರದಲ್ಲಿ ಸಾವಿರ ಜನಕ್ಕೆ ಊಟ ಹಾಕಿದ್ದೆವು, ರಿಜಿಸ್ಟರ್ ಮಾತ್ರ ಮಾಡಿಸಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೋ, ಮೂವರು ಸಾಕ್ಷಿ ಬೇಕು ಅಂದರು. ಒಂಬತ್ತು ವರ್ಷದ ಹಿಂದಿನ ಲಗ್ನಪತ್ರಿಕೆ ಯಾರ ಮನೆಯಲ್ಲಿರುತ್ತದೆ? ಕೊನೆಗೆ ಸಿಕ್ಕಿದ್ದು ಸೋದರತ್ತೆಯ ಮನೆಯ ದೇವರ ಗೂಡಿನಲ್ಲಿ, ಪಂಚಾಂಗಗಳ ಅಡಿಯಲ್ಲಿ, ಅರಿಶಿನ ಹಚ್ಚಿದ ಮೂಲೆಗಳ ಸಮೇತ. ನೋಡಿದರೆ ಅದರಲ್ಲಿ ಇವರ ಹೆಸರು ಮನೆಯಲ್ಲಿ ಕರೆಯುವ ಹೆಸರು! ಇನ್ನೊಂದು ಅಫಿಡವಿಟ್. ಈಗ 2024ರಿಂದ ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಮದುವೆ ನೋಂದಣಿಯನ್ನು ಆನ್‌ಲೈನ್‌ನಲ್ಲೇ ಮಾಡಬಹುದು, ನಮಗೆ ಆ ಅನುಕೂಲ ಇರಲಿಲ್ಲ.

ಆದಾಯಕ್ಕೆ ನನ್ನ ಸಂಬಳದ ಚೀಟಿ ಇತ್ತು. ಇವರು ರಿಟರ್ನ್ಸ್ ಹಾಕುವವರಲ್ಲ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದೆವು, ಪಹಣಿಯನ್ನೂ ಜೊತೆಗಿಟ್ಟೆವು. ಆರೋಗ್ಯದ ಸರ್ಟಿಫಿಕೇಟ್ ಇಬ್ಬರಿಗೂ ಬೇಕು. ದೀರ್ಘಕಾಲದ, ಅಂಟುವ ಅಥವಾ ಪ್ರಾಣಕ್ಕೆ ಅಪಾಯವಿರುವ ಕಾಯಿಲೆ ಇಲ್ಲ, ದತ್ತು ತೆಗೆದುಕೊಳ್ಳಲು ಅರ್ಹರು ಎಂದು ಸ್ಪಷ್ಟವಾಗಿ ಇರಬೇಕು. ಇವರಿಗೆ ಸ್ವಲ್ಪ ಶುಗರ್ ಇದೆ. ಡಾಕ್ಟರು ಹತೋಟಿಯಲ್ಲಿದೆ ಎಂದು ಬರೆದುಕೊಟ್ಟರು, ನಮ್ಮ ವಿಷಯದಲ್ಲಿ ತಕರಾರು ಬರಲಿಲ್ಲ. ಇವಲ್ಲದೆ ಮನೆಯವರ ಫೋಟೋ, ವಿಳಾಸದ ದಾಖಲೆ, ನಮ್ಮನ್ನು ಬಲ್ಲ ಇಬ್ಬರ ಪತ್ರ. ಪತ್ರ ಬರೆದುಕೊಡಲು ನಮ್ಮ ಹೆಡ್‌ಮೇಷ್ಟ್ರನ್ನು ಕೇಳಿದಾಗಲೇ ನಾನು ಮನೆಯ ಹೊರಗೆ ಮೊದಲ ಸಲ "ನಾವು ದತ್ತು ತಗೋತಿದೀವಿ ಸಾರ್" ಅಂದದ್ದು. ಗಂಟಲು ಕಟ್ಟಿತ್ತು. ಅವರು "ಒಳ್ಳೇದಾಯ್ತು ಬಿಡಮ್ಮ, ಯಾವಾಗ ಬೇಕು ಪತ್ರ?" ಅಂದರು, ಅಷ್ಟೇ.

ಹೋಂ ಸ್ಟಡಿ 2021ರ ಶುರುವಿನಲ್ಲಿ, ಕೊರೊನಾದ ಎರಡು ಅಲೆಗಳ ನಡುವೆ ಆಯಿತು. ಫೀಸು 6,000 ರೂಪಾಯಿ. ಸಮಾಜ ಕಾರ್ಯಕರ್ತೆ ಮನೆಗೆ ಬರುತ್ತಾರೆ ಅಂದಾಗ ಅತ್ತೆ ಗೋಡೆಗೆ ಸುಣ್ಣ ಹೊಡೆಸೋಣ ಅಂದರು. ಏನೂ ಬೇಡ. ಅವರು ಬಾತ್‌ರೂಮು, ಬಾವಿಕಟ್ಟೆ ನೋಡಿದರು, ಮಗು ಎಲ್ಲಿ ಮಲಗುತ್ತೆ, ನೀವಿಬ್ಬರೂ ಕೆಲಸಕ್ಕೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದರು. ನಮ್ಮನ್ನು ಒಟ್ಟಿಗೆ ಕೂರಿಸಿ ಮಾತಾಡಿದರು, ಒಬ್ಬೊಬ್ಬರನ್ನೇ ಕರೆದೂ ಮಾತಾಡಿದರು. ನನ್ನ ಬಾಲ್ಯ ಹೇಗಿತ್ತು, ಅಪ್ಪ ಹೊಡೆಯುತ್ತಿದ್ದರಾ, ಮಗು ಆಗಲಿಲ್ಲ ಅನ್ನುವ ಸಂಕಟದಿಂದ ಹೊರಗೆ ಬಂದಿದ್ದೀರಾ. ಈ ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ನಿಮ್ಮೊಳಗೆ ಇರಲಿ. ಹೊರಗಡೆ ಅತ್ತೆಯನ್ನು "ನಿಮಗೆ ಒಪ್ಪಿಗೆನಾ ಅಜ್ಜಿ?" ಅಂತ ಕೇಳಿದ್ದು ಕೇಳಿಸಿತು. ಅತ್ತೆ, "ನಾನು ಒಪ್ಪದೆ ಇದ್ದಿದ್ರೆ ನೀವು ಈ ಮನೆ ಹೊಸಿಲು ದಾಟ್ತಿದ್ರಾ?" ಅಂದರು. ವರದಿಯಲ್ಲಿ ಅದನ್ನು ಹೇಗೆ ಬರೆದರೋ.

ಆಮೇಲೆ ಕಾಯುವುದು. ಎರಡು ವರ್ಷದೊಳಗಿನ ಆರೋಗ್ಯವಂತ ಮಗು ಎಂದು ಹಾಕಿದರೆ ಮೂರು ವರ್ಷಕ್ಕೂ ಜಾಸ್ತಿ ಅಂದುಕೊಂಡೇ ಕೂರಬೇಕು. ಕಾಯುವ ದಂಪತಿಗಳು ಎಷ್ಟೋ ಪಟ್ಟು ಜಾಸ್ತಿ, ಕಾನೂನಿನ ಪ್ರಕಾರ ದತ್ತು ಕೊಡಲು ಮುಕ್ತ ಎಂದು ಘೋಷಣೆಯಾದ ಮಕ್ಕಳು ಕಮ್ಮಿ. ಆ ಘೋಷಣೆ ಮಾಡುವುದು ಮಕ್ಕಳ ಕಲ್ಯಾಣ ಸಮಿತಿ. ಹೆತ್ತವರೇ ಒಪ್ಪಿಸಿದ ಮಗುವಾದರೆ ಅವರಿಗೆ ಮನಸ್ಸು ಬದಲಿಸಲು 60 ದಿನ ಕೊಡುತ್ತಾರೆ. ಬಿಟ್ಟುಹೋದ ಮಗುವಾದರೆ ಹೆತ್ತವರನ್ನು ಹುಡುಕಿಸುತ್ತಾರೆ. ಮೊದಲು ನನಗೆ ಇದೆಲ್ಲ ತಡ ಅನ್ನಿಸುತ್ತಿತ್ತು. ಯಾವುದೋ ಊರಿನಲ್ಲಿ ಒಬ್ಬ ತಾಯಿ ಆ 60 ದಿನ ಹೇಗೆ ಕಳೆಯುತ್ತಾಳೋ ಅಂತ ಯೋಚಿಸಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಪೋರ್ಟಲ್ ತೆರೆದರೆ ಸರದಿ ಸಂಖ್ಯೆ ಕಾಣುತ್ತದೆ. ಕೆಲವು ತಿಂಗಳು ಸರಸರ ಇಳಿಯುತ್ತದೆ, ಕೆಲವು ತಿಂಗಳು ಅಲ್ಲೇ ನಿಲ್ಲುತ್ತದೆ. ಇವರು ರಾತ್ರಿ ಊಟವಾದ ಮೇಲೆ ನನಗೆ ಗೊತ್ತಾಗದ ಹಾಗೆ ಅದನ್ನು ನೋಡುತ್ತಿದ್ದರು. ನಾನೂ ಶಾಲೆಯಲ್ಲಿ ಅವರಿಗೆ ಗೊತ್ತಾಗದ ಹಾಗೆ ನೋಡುತ್ತಿದ್ದೆ. ಈ ನಡುವೆ ನಿಯಮ ಬದಲಾಯಿತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಹೋಂ ಸ್ಟಡಿ ವರದಿಗೆ ಮೂರೇ ವರ್ಷ ಆಯಸ್ಸು. ನಮ್ಮದು ಮುಗಿಯುವುದಕ್ಕೆ ಮುಂಚೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಿ, ಮಾಡಿ, ಮತ್ತೆ ಮಾಡಿ ನವೀಕರಿಸಿಕೊಂಡೆವು. ಅವರಾಗಿ ನೆನಪು ಮಾಡುತ್ತಾರೆ ಅಂತ ಕೂರಬೇಡಿ.

ಮೆಸೇಜ್ ಬಂದಿದ್ದು 2024ರ ಫೆಬ್ರುವರಿಯಲ್ಲಿ, ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆ ಪೇಪರ್ ತಿದ್ದುತ್ತಿದ್ದಾಗ. ಒಂದು ಫೋಟೋ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ. ಕಾಯ್ದಿರಿಸಲು 48 ಗಂಟೆ. ಒಟ್ಟು ಮೂರು ಸಲ ಹೀಗೆ ಮಗುವಿನ ವಿವರ ಬರಬಹುದು. ಪರಿಚಯದ ಮಕ್ಕಳ ಡಾಕ್ಟರೊಬ್ಬರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಹುಡುಕಲು ಆಗುವುದಿಲ್ಲ. ನಮ್ಮ ಡಾಕ್ಟರು ವರದಿ ಓದಿ, ಹುಟ್ಟಿದಾಗ ತೂಕ ಕಮ್ಮಿ ಇತ್ತು, ಈಗ ಏರುತ್ತಿದೆ, ಹೆದರಬೇಡಿ ಅಂದರು. ಇವರು ಫೋಟೋ ದೊಡ್ಡದು ಮಾಡಿ ನೋಡುತ್ತಲೇ ಇದ್ದರು. ಒತ್ತಿ ಅಂದೆ. ಒತ್ತಿದರು.

ಮಗು ಇದ್ದದ್ದು ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ. ಯಾವುದು ಅಂತ ಬರೆಯುವುದಿಲ್ಲ, ಅದು ಅವಳು ದೊಡ್ಡವಳಾದ ಮೇಲೆ ಬೇಕಾದರೆ ಹೇಳಿಕೊಳ್ಳುವ ವಿಷಯ. ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಬಸ್ಸು. ಮಗುವನ್ನು ನೋಡಿಕೊಳ್ಳುತ್ತಿದ್ದ ದತ್ತು ಕೇಂದ್ರದಲ್ಲಿ ದತ್ತು ಸಮಿತಿಯವರು ಮೂಲ ದಾಖಲೆಗಳನ್ನೆಲ್ಲ ನೋಡಿ ಮಾತಾಡಿಸುತ್ತಾರೆ. ಒಂದು ಬ್ಯಾಗಿನಲ್ಲಿ ಮೂಲ ಪ್ರತಿ, ಇನ್ನೊಂದರಲ್ಲಿ ಜೆರಾಕ್ಸ್ ಸೆಟ್ಟುಗಳು, ಒಂದು ಡಜನ್ ಪಾಸ್‌ಪೋರ್ಟ್ ಫೋಟೋ ಇಟ್ಟುಕೊಂಡು ಹೋಗಿ. ಅದಾದ ಮೇಲೆ ಒಬ್ಬ ಆಯಾ ಅವಳನ್ನು ಎತ್ತಿಕೊಂಡು ಬಂದರು. ಹದಿನಾಲ್ಕು ತಿಂಗಳು. ತಲೆಯ ಹಿಂಭಾಗ ಚಪ್ಪಟೆ, ಎಣ್ಣೆ ಹಚ್ಚಿ ಬಾಚಿದ ಕೂದಲು, ಹಣೆಗೆ ಇಷ್ಟಗಲ ಕಾಡಿಗೆ. "ತಗೋರಿ ಅಕ್ಕಾರ, ಈಕಿ ಭಾಳ ಚೂಟಿ ಅದಾಳ್ರಿ. ಸೆರಗು ಹಿಡದ್ರ ಬಿಡಂಗಿಲ್ಲ." ನನ್ನ ಸೆರಗು ಹಿಡಿಯಲಿಲ್ಲ. ಇವರ ಜೇಬಿನ ಪೆನ್ನು ಹಿಡಿದಳು.

ಆಯಾ ಹತ್ತಿರ ನಿಧಾನವಾಗಿ ಕೂತು ಕೇಳಿಕೊಳ್ಳಿ: ಏನು ತಿನ್ನುತ್ತೆ, ಯಾವ ಹಾಲಿನ ಪುಡಿ, ಎಷ್ಟು ಹೊತ್ತಿಗೆ ನಿದ್ದೆ, ಏನಂತ ಕರೆಯುತ್ತೀರಿ. ಅವಳು ಹೊದ್ದು ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಹಾಗೇ ಕೇಳಿ ತಂದೆವು. ತುಂಬ ಉಪಯೋಗಕ್ಕೆ ಬಂತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ದತ್ತು ಪೂರ್ವ ಪೋಷಣೆ ಅನ್ನುವ ವ್ಯವಸ್ಥೆಯಲ್ಲಿ ಮಗುವನ್ನು ಮಾರ್ಚ್ ಮೊದಲಲ್ಲಿ ಮನೆಗೆ ಕರೆತಂದೆವು. ಆದೇಶ ಬರುವ ತನಕ ಕಾಯಬೇಕಾಗಿಲ್ಲ. ಮೊದಲ ವಾರಗಳಲ್ಲಿ ಅವಳು ರಾತ್ರಿ ಎಚ್ಚರವಾದರೂ ಅಳುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ಕತ್ತಲಲ್ಲಿ ಸುಮ್ಮನೆ ಮಲಗಿರುತ್ತಿದ್ದಳು. ನೋಡಿದವರು "ಎಷ್ಟು ಜಾಣೆ, ಹಟವೇ ಇಲ್ಲ" ಅನ್ನುತ್ತಿದ್ದರು. ನನಗೆ ಎದೆ ಹಿಂಡುತ್ತಿತ್ತು. ಅತ್ತರೆ ಯಾರೋ ಬರುತ್ತಾರೆ ಅನ್ನುವುದು ಅವಳಿಗೆ ಗೊತ್ತಾಗಲು ಏಪ್ರಿಲ್ ಆಯಿತು. ಆಮೇಲೆ ಬೀದಿಯೆಲ್ಲ ಎದ್ದು ಕೂರುವ ಹಾಗೆ ಅತ್ತಳು.

ಕೇಂದ್ರದವರು ಆ ಜಿಲ್ಲೆಯ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿದರು. ಎರಡು ತಿಂಗಳಲ್ಲಿ ಇತ್ಯರ್ಥ ಆಗಬೇಕು ಎಂದು ಕಾನೂನು. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು! ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿ. ಆ ಕಡೆ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಮಗು ತೊಡೆಯ ಮೇಲೆ ಇದೆ, ಕಾಗದದಲ್ಲಿ ಇನ್ನೂ ನಮ್ಮದಲ್ಲ. ಕೇಂದ್ರದಿಂದ ಫೋನ್ ಬಂದರೆ ಕೈ ನಡುಗುತ್ತಿತ್ತು. ಆದೇಶ ಬಂದಿದ್ದು ಜೂನ್ ಕೊನೆಗೆ. ವಿಚಾರಣೆ ಬಾಗಿಲು ಮುಚ್ಚಿ ನಡೆಯುತ್ತದೆ, ಕೇಳಿದ್ದು ಎರಡು ಮೂರು ಪ್ರಶ್ನೆ. ಅಲ್ಲಿವರೆಗೆ ಹೊರಗೆ ಬೆಂಚಿನ ಮೇಲೆ ಅರ್ಧ ದಿನ. ಮಗುವಿಗೆ ಊಟ, ಬಟ್ಟೆ, ಬಿಸಿನೀರು ಎಲ್ಲ ಕಟ್ಟಿಕೊಂಡು ಹೋಗಿ.

ಆದೇಶದ ಮೇಲೆ ಕೇಂದ್ರದವರೇ ಜನನ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತಾರೆ. ಅದರಲ್ಲಿ ತಂದೆ ತಾಯಿ ಜಾಗದಲ್ಲಿ ನಮ್ಮ ಹೆಸರು ಇರುತ್ತದೆ. ಪ್ರಿಂಟ್ ಮಾಡಿಸುವ ಮೊದಲು ಪ್ರತಿ ಅಕ್ಷರ ಓದಿ. ನನ್ನ ಹೆಸರಿನ ಕಥೆ ನೆನಪಿದೆಯಲ್ಲ, ಅವಳಿಗೂ ಅದು ಬೇಡ ಅಂತ ನಾನು ಕೂತು ಓದಿದೆ. ಇನಿಷಿಯಲ್ ಬಿಡಿಸಿಯೇ ಬರೆಸಿದೆ.

ಈಗ ಖರ್ಚಿನ ಲೆಕ್ಕ, ಎಲ್ಲರೂ ಕೇಳುವುದು ಇದನ್ನೇ. ಹೋಂ ಸ್ಟಡಿಗೆ 6,000. ಕೇಂದ್ರಕ್ಕೆ ಮಕ್ಕಳ ಪಾಲನಾ ನಿಧಿಗೆ 50,000. ಆರಾರು ತಿಂಗಳಿಗೆ ಒಂದರಂತೆ ಎರಡು ವರ್ಷ ನಡೆಯುವ ಫಾಲೋಅಪ್‌ಗೆ ಸಲಕ್ಕೆ 2,000. ಒಟ್ಟು 64,000. ಎಲ್ಲಕ್ಕೂ ರಸೀದಿ ಇದೆ. ಇದರ ಮೇಲೆ ಯಾರು ಏನು ಕೇಳಿದರೂ ಕೊಡಬೇಕಾಗಿಲ್ಲ. ಓಡಾಟ, ಲಾಡ್ಜು, ಜೆರಾಕ್ಸು ಬೇರೆ. ಐವಿಎಫ್‌ಗೆ ಒಂದು ಸಲಕ್ಕೆ ಕೊಟ್ಟಿದ್ದು ಇದರ ಎರಡು ಪಟ್ಟಿಗಿಂತ ಜಾಸ್ತಿ.

ಲೆಕ್ಕಕ್ಕೆ ಸಿಗದ ಖರ್ಚು ನನ್ನ ಸಂಬಳ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ದತ್ತು ತಾಯಿಗೆ 12 ವಾರ ರಜೆ ಕೊಟ್ಟರು, ಆದರೆ ಮಗುವಿಗೆ ಮೂರು ತಿಂಗಳು ತುಂಬಿರಬಾರದು ಅಂತ ಬರೆದರು. ಮಗು ಕಾನೂನಿನ ಪ್ರಕಾರ ಮುಕ್ತವಾಗುವುದಕ್ಕೇ ಎರಡು ತಿಂಗಳು ಬೇಕು, ಆಮೇಲೆ ಪೋರ್ಟಲ್ಲು, ಆಮೇಲೆ ಸಮಿತಿ. ಮೂರು ತಿಂಗಳೊಳಗೆ ಯಾರ ಮನೆಗೆ ಬರುತ್ತೆ ಮಗು? ಬರೆದವರು ಇದನ್ನು ಲೆಕ್ಕ ಹಾಕಿದ್ದರಾ ಅಂತ ನನಗೆ ಇವತ್ತಿಗೂ ಸಿಟ್ಟಿದೆ. 2024ರಲ್ಲಿ ನಮ್ಮ ಮಗಳು ಬಂದಾಗ ಇದ್ದದ್ದು ಆ ನಿಯಮವೇ, ನಾನು ಸಂಬಳವಿಲ್ಲದ ರಜೆ ಹಾಕಿದೆ. ನಿಮ್ಮ ಕೆಲಸದ ಜಾಗದ ನಿಯಮ ಏನು ಅಂತ ಕಾಯುವ ವರ್ಷಗಳಲ್ಲೇ ಕೇಳಿಟ್ಟುಕೊಳ್ಳಿ, ಸ್ವಲ್ಪ ದುಡ್ಡೂ ಕೂಡಿಡಿ.

ಫಾಲೋಅಪ್ ಅಂದರೆ ಹೆದರುವಂಥದ್ದೇನಲ್ಲ. ಬಂದು ಮಗುವಿನ ತೂಕ, ಲಸಿಕೆ ಕಾರ್ಡು ನೋಡುತ್ತಾರೆ, ನಮ್ಮೊಂದಿಗೆ ಹೊಂದಿಕೊಂಡಿದೆಯಾ ಅಂತ ಗಮನಿಸುತ್ತಾರೆ. ಮಗುವಿಗೆ ಸಣ್ಣದರಿಂದಲೇ ಹೇಳಿ ಬೆಳೆಸಿ ಅಂದರು. ನಾವು ಹೇಳುತ್ತೇವೆ. ರೈಲಿನಲ್ಲಿ ಹೋಗಿ ನಿನ್ನನ್ನು ಕರ್ಕೊಂಡು ಬಂದ್ವಿ ಅಂತ ಇವರು ರಾತ್ರಿ ಕಥೆ ಹೇಳುತ್ತಾರೆ. ಈಗ ಅವಳಿಗೆ ಅದರಲ್ಲಿ ರೈಲಿನ ಭಾಗ ಮಾತ್ರ ಇಷ್ಟ. ಊರಿನವರು ಎದುರಿಗೇ "ಸ್ವಂತದ್ದಾ?" ಅನ್ನುತ್ತಾರೆ. ಅತ್ತೆ "ಹೌದು, ಕಾಗದ ತೋರಿಸ್ಲಾ?" ಅನ್ನುತ್ತಾರೆ.

ಇವರದೂ ನನ್ನದೂ ವಯಸ್ಸು ಕೂಡಿಸಿದರೆ ಈಗ 85ರ ಅಂಚಿಗೆ ಬಂದಿದೆ. ಮತ್ತೆ ನೋಂದಾಯಿಸಿದ್ದೇವೆ, ಈ ಸಲ ಎರಡರಿಂದ ನಾಲ್ಕು ವರ್ಷದ ಮಗು ಎಂದು. ದಾಖಲೆಗಳೆಲ್ಲ ಒಂದೇ ಸಂಜೆಗೆ ಅಪ್‌ಲೋಡ್ ಆದವು. ಹೋಂ ಸ್ಟಡಿಗೆ ಇನ್ನೂ ಫೋನ್ ಬಂದಿಲ್ಲ, ಸೋಮವಾರ ನಾನೇ ತುಮಕೂರಿನ ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಬೇಕು.